ಸೇಬು ಕಚ್ಚಿದವಳು

ಬಾಲಿಕ್‌ಪಾಪನ್
7 ಆಗಸ್ಟ್ 2023

ತಂಗಿ ಎಂದಾ,

ಬದುಕಿದ್ದೇನೆ. ಮೊದಲು ಈ ಒಂದು ಮಾತು ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಓದು.

ಜಾವಾ ಬಿಟ್ಟು ಸಮುದ್ರ ದಾಟಿ ಬಂದುಬಿಟ್ಟೆ. ಇಲ್ಲಿ ಏಡಿ ಬಿಡಿಸುವ ಕೊಟ್ಟಿಗೆಯಲ್ಲಿ ಕೆಲಸ ಸಿಕ್ಕಿದೆ. ನಲವತ್ತು ಹೆಂಗಸರು ಸಾಲಾಗಿ ಕೂತು ಬೇಯಿಸಿದ ಏಡಿಯ ಚಿಪ್ಪು ಒಡೆದು ಮಾಂಸ ತೆಗೆಯುತ್ತೇವೆ. ನನ್ನ ಎಡಗೈಯ ಎರಡು ಬೆರಳು ಮಡಚುವುದಿಲ್ಲವಲ್ಲ, ಉಳಿದ ಎಂಟು ಅವುಗಳ ಪಾಲಿನ ಕೆಲಸವನ್ನೂ ಗೊಣಗದೆ ಮಾಡುತ್ತಿವೆ.

ಫೋನ್ ಮಾಡುವುದು ಬಿಟ್ಟು ಮುತ್ತಜ್ಜಿಯ ಹಾಗೆ ಕಾಗದ ಬರೆಯುತ್ತಾಳಲ್ಲ ಎನ್ನುತ್ತೀಯ. ಫೋನ್ ತರಲಿಲ್ಲ. ಬೇಕೆಂದೇ ಅಕ್ಕಿ ಡಬ್ಬಿಯ ಮೇಲೆ ಇಟ್ಟು ಬಂದೆ. ನಿನ್ನ ಭಾವ ತ್ರಿಯೋನೋ ತನ್ನ ಫೋನ್ ಅಂಗಡಿಯಲ್ಲಿ ಕೂತೇ ನಾನೆಲ್ಲಿದ್ದೇನೆ ಎಂದು ನೋಡುತ್ತಿದ್ದ. 'ಬೆಲ್ಲದ ಅಂಗಡಿ ಮುಂದೆ ಹನ್ನೊಂದು ನಿಮಿಷ ನಿಂತಿದ್ದೆ. ಬೆಲ್ಲ ಕರಗಲಿ ಅಂತ ಕಾಯ್ತಿದ್ದೆಯಾ?' ಎಂದು ನಗುತ್ತಾ ಕೇಳುತ್ತಿದ್ದ. ಒಂದು ದಿನ ಹಾಗೇ ನಗುತ್ತಾ ಹೇಳಿದ: 'ಎಲ್ಲಿಗೆ ಬೇಕಾದ್ರೂ ಓಡು, ಹುಡುಕಿ ತರ್ತೀನಿ. ತಂದ ಮೇಲೆ ಓಡೋಕೆ ಕಾಲಿರಲ್ಲ, ಅಷ್ಟೇ.' ಅವನು ಆಡಿದ್ದನ್ನು ಮಾಡದೆ ಬಿಟ್ಟವನಲ್ಲ.

ನಗಬೇಡ, ಅವನಿಗಿಂತ ಆ ಐಫೋನಿನ ನೆನಪೇ ಹೆಚ್ಚು. ಮದುವೆಯಲ್ಲಿ ಗಂಡಿನ ಕಡೆಯವರು ಹೊತ್ತು ತಂದ ತಟ್ಟೆಗಳಲ್ಲಿ ಬಟ್ಟೆಬರೆ, ಹಣ್ಣುಗಳ ಜೊತೆ ಅದನ್ನು ಹೂವಿನ ಮೇಲೆ ಮಲಗಿಸಿದ್ದರು. ಊರ ಹೆಂಗಸರು ಮದುಮಗಳನ್ನು ಬಿಟ್ಟು ಅದನ್ನೇ ನೋಡಿದರು. ಈಗಲೂ ಹೆಬ್ಬೆರಳು ಖಾಲಿ ಗಾಳಿಯನ್ನು ಸವರುತ್ತದೆ. ಅವ್ವನ ದನಿಯೂ ಅದರಲ್ಲೇ ಉಳಿಯಿತು. ಸಾಯುವ ವರ್ಷ ಕೋಳಿಗಳನ್ನು ಬೈದದ್ದು, ನನ್ನನ್ನು ಬೈದದ್ದು, ಎಲ್ಲವೂ.

ಕೊಟ್ಟಿಗೆಯ ಎದುರು ನೂರ್ಸಿಯಾ ಎಂಬವಳ ಹಳದಿ ಅನ್ನದ ಅಂಗಡಿಯಿದೆ. ಅವಳ ಹೆಸರಿಗೇ ಬರೆ, ವಿಳಾಸ ಕೆಳಗಿದೆ. ಯಾರ ಫೋನ್ ನಂಬರನ್ನೂ ಬರೆಯುವುದಿಲ್ಲ, ನೀನೂ ಕೇಳಬೇಡ. ಇದನ್ನು ಮನೆಗೆ ಕಳಿಸದೆ ನಿನ್ನ ಶಿಶುವಿಹಾರಕ್ಕೆ ಕಳಿಸುತ್ತಿದ್ದೇನೆ. ಯಾಕೆಂದು ನಿನಗೆ ಗೊತ್ತು.

ನಿನ್ನ ಅಕ್ಕ
ವಿನಾರ್ತಿ


ಕರಂಗ್‌ಮೊಜೊ
19 ಆಗಸ್ಟ್ 2023

ಅಕ್ಕ,

ನೀರು ಕುಡಿಯಲಿಲ್ಲ. ಅಲ್ಲೇ ಕೂತು ಅತ್ತೆ. ಮಕ್ಕಳೆಲ್ಲ ಸುತ್ತ ನಿಂತು 'ಟೀಚರ್, ಯಾರ್ ಹೊಡೆದ್ರು?' ಎಂದು ಕೇಳಿದವು. ಒಂದು ಪುಟ್ಟಿ ತನ್ನ ಬಿಸ್ಕತ್ತನ್ನು ಅರ್ಧ ಕಚ್ಚಿ, ಉಳಿದರ್ಧ ನನಗೆ ಕೊಟ್ಟಳು.

ಮೊನ್ನೆ ಭಾವ ಮನೆಗೆ ಬಂದಿದ್ದ, ಒಂದು ಬುಟ್ಟಿ ಸಲಾಕ್ ಹಣ್ಣು ಹಿಡಿದುಕೊಂಡು. ಬಡಕಲಾಗಿದ್ದಾನೆ. ಜಗಲಿಯಲ್ಲೇ ಕೂತ, ಒಳಗೆ ಬರಲಿಲ್ಲ. ನೀನೆಲ್ಲಿದ್ದೀಯೆಂದು ಒಂದು ಸಲವೂ ಕೇಳಲಿಲ್ಲ.

'ಅವಳಿಗೆ ಐಫೋನೇ ಬೇಕು, ಎಂದಾ,' ಅಂದ. 'ಸೇಬು ಕಚ್ಚಿದವಳು ಹುಲ್ಲು ಮೇಯಲ್ಲ. ಎಲ್ಲಿದ್ರೂ ಒಂದಿನ ಅದನ್ನೇ ಕೊಳ್ತಾಳೆ. ಕೊಳ್ಳಲಿ ಬಿಡು, ನಂಗೇನ್ ಕೋಪ ಇಲ್ಲ. ಹಳೇ ಖಾತೇನೇ ಹಾಕ್ಕೊಂಡ್ರೆ ಅಮ್ಮನ ದನಿ, ಫೋಟೋ ಎಲ್ಲ ಓಡಿ ಬರುತ್ತೆ. ಪಾಸ್‌ವರ್ಡು ನನ್ನ ಹೆಸರು, ಮುಂದೆ ಮದುವೆ ತಾರೀಖು. ಕಾಗದ ಗೀಗದ ಬಂದ್ರೆ ತಿಳಿಸಿಬಿಡು.'

'ಈ ಕಾಲದಲ್ಲಿ ಕಾಗದ ಯಾರ್ ಬರೀತಾರೆ ಭಾವ?' ಎಂದೆ. ನಿನ್ನ ಕಾಗದ ಆಗ ನನ್ನ ಕೈಚೀಲದಲ್ಲಿತ್ತು.

ಎದ್ದು ಹೋಗುವಾಗ ಅವನ ಕಣ್ಣು ಒದ್ದೆಯಾಗಿತ್ತು. ಮನುಷ್ಯ ಬದಲಾಗುವುದೇ ಇಲ್ಲವೇ ಅಕ್ಕ? ಹಿಂದಿರುಗಿ ಬಾ ಎಂದು ಹೇಳುತ್ತಿಲ್ಲ. ಅವ್ವನ ದನಿ ಕೊಡಲು ಅವನು ಸಿದ್ಧನಿದ್ದಾನೆ, ತೆಗೆದುಕೊಂಡರೆ ತಪ್ಪೇನು ಎಂದಷ್ಟೇ.

ನನ್ನನ್ನು ಕೇಳಿದರೆ ಆಂಡ್ರಾಯ್ಡ್ ಕೊಳ್ಳು. ನನ್ನದು ನೋಡು, ಬಾವಿಕಟ್ಟೆಯಿಂದ ಮೂರು ಸಲ ಬಿದ್ದರೂ ನನ್ನ ಕೈಬಿಟ್ಟಿಲ್ಲ. ಎರಡು ಸಿಮ್ಮು ನುಂಗುತ್ತದೆ, ಯಾರ ಮನೆಯ ತಂತಿ ಚುಚ್ಚಿದರೂ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಿನ್ನದು ರಾಣಿ, ಅದಕ್ಕೆ ಅದರದೇ ತಂತಿ, ಅದರದೇ ವೈದ್ಯ. ಎಲ್ಲಕ್ಕಿಂತ, ನನ್ನ ಫೋನ್ ನನ್ನದು. ಯಾವ ಗಂಡನೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಎಂದಾ


ಬಾಲಿಕ್‌ಪಾಪನ್
31 ಆಗಸ್ಟ್ 2023

ಎಂದಾ,

ಸಲಾಕ್ ಹಣ್ಣಿನ ಸಿಪ್ಪೆ ಹಾವಿನ ಚರ್ಮದ ಹಾಗಿರುತ್ತದೆ, ಮರೆಯಬೇಡ. ಅವನು ಕೇಳಲಿಲ್ಲ ಎಂದು ಸಂತೋಷಪಡುತ್ತೀಯಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಗಾಳ ಹಾಕಿದವನು ಮೀನನ್ನು ಕೂಗಿ ಕರೆಯುತ್ತಾನೆಯೇ?

ಇನ್ನು ಮುಂದೆ ಬಂದರೆ ಬಾಗಿಲು ತೆಗೆಯಬೇಡ.

ಒಂದು ವಿಷಯ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವರ್ಷ ಕೈಯಲ್ಲಿ ಹಿಡಿದ ಫೋನಿನ ಖಾತೆಯ ಪಾಸ್‌ವರ್ಡ್ ನನಗೆ ಗೊತ್ತಾದದ್ದು ನಿನ್ನ ಕಾಗದದಿಂದ. ತಟ್ಟೆಗೆ ಇಡುವ ಮೊದಲೇ ಅವನು ಖಾತೆ ತೆರೆದಿದ್ದ. ನಾನು ಕೇಳಲಿಲ್ಲ. ಫೋನ್ ಅಂಗಡಿಯವನೇ ಗಂಡನಾದ ಮೇಲೆ ಕೇಳುವುದೇನು ಎಂದುಕೊಂಡಿದ್ದೆ.

ಫೋನಿಲ್ಲದೆ ಇಲ್ಲಿ ನಡೆಯುವುದಿಲ್ಲ. ನಾಳೆ ಯಾವ ಹೊತ್ತಿಗೆ ಏಡಿ ಬರುತ್ತದೆಂದು ಮೇಸ್ತ್ರಿ ಫೋನಿನಲ್ಲೇ ತಿಳಿಸುತ್ತಾನೆ. ಭಾನುವಾರ ನೂರ್ಸಿಯಾಳ ಜೊತೆ ಪೇಟೆಗೆ ಹೋಗಿದ್ದೆ. ಒಂದು ಅಂಗಡಿಯ ಗಾಜಿನೊಳಗೆ ಹಳೆಯ ಐಫೋನುಗಳ ಸಾಲಿತ್ತು. ಒಂದನ್ನು ಕೈಗೆ ತೆಗೆದುಕೊಂಡೆ. ಕೈ ಅದನ್ನು ಗುರುತಿಸಿತು ಎಂದಾ. ಪಕ್ಕದಲ್ಲಿದ್ದ ಆಂಡ್ರಾಯ್ಡ್ ಹಿಡಿದರೆ ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ.

'ಏಡಿ ಒಡೆಯೋಕೆ ಚಿನ್ನದ ಚಾಕು ಯಾಕೆ, ಜಾವಾದ ಮಹಾರಾಣಿ?' ಎಂದಳು ನೂರ್ಸಿಯಾ. 'ತಗೊಂಡ್ರೆ ನಂದರ ಹಂಗೆ ಗಟ್ಟಿಮುಟ್ಟಾಗಿರೋದು ತಗೋ. ಬೇಕಾದ್ರೆ ಅದ್ರಲ್ಲಿ ಮೆಣಸಿನಕಾಯೀನೂ ಜಜ್ಜಬಹುದು.'

ಏನೂ ಕೊಳ್ಳಲಿಲ್ಲ. ಇನ್ನೂ ನಿರ್ಧಾರ ಮಾಡಿಲ್ಲ. ಈ ವಿಷಯ ಮತ್ತೆ ಬರೆಯಬೇಡ.

ವಿನಾರ್ತಿ


ಬಾಲಿಕ್‌ಪಾಪನ್
11 ಸೆಪ್ಟೆಂಬರ್ 2023

ಎಂದಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಒಂದು ತಪ್ಪು ಮಾಡಿದೆ.

ಶನಿವಾರ ಒಬ್ಬಳೇ ಆ ಅಂಗಡಿಗೆ ಹೋದೆ. ಕೊಳ್ಳಲಿಕ್ಕಲ್ಲ. ಒಂದು ಸಲ ಅವ್ವನ ದನಿ ಕೇಳಿ, ಮತ್ತೆ ಎಲ್ಲ ಮುಚ್ಚಿ ಬಂದುಬಿಡೋಣ ಎಂದು. ನೋಡಲೆಂದು ಇಟ್ಟಿದ್ದ ಐಫೋನಿನಲ್ಲಿ ಹಳೆಯ ಖಾತೆಯ ಹೆಸರು ಒತ್ತಿದೆ. ಅವನ ಹೆಸರು ಒತ್ತಿದೆ. ಮದುವೆಯ ತಾರೀಖು ಒತ್ತಿದೆ. ದನಿ ಬರಲಿಲ್ಲ. 'ನಿಮ್ಮ ಇನ್ನೊಂದು ಫೋನಿಗೆ ಆರು ಅಂಕಿ ಕಳಿಸಿದ್ದೇವೆ, ಅದನ್ನು ಇಲ್ಲಿ ಒತ್ತಿ' ಎಂದು ಬಂತು.

ಅಂಗಡಿಯ ಮುದುಕನನ್ನು ಕೇಳಿದೆ, ಇದೇನು ಎಂದು.

'ಒಳ್ಳೇದೇ ಅಲ್ವಾ ಅಮ್ಮಾ,' ಎಂದು ನಕ್ಕ. 'ಕಳ್ಳ ಯಾರಾದ್ರೂ ನಿಮ್ಮ ಖಾತೆ ತೆಗೆಯೋಕೆ ಹೋದ್ರೆ ನಿಮ್ಮ ಹಳೇ ಫೋನು ಎದ್ದು ಕೂತು ಹೇಳುತ್ತೆ. ಯಾವೂರಿಂದ ಅಂತ ನಕ್ಷೇನೂ ತೋರಿಸುತ್ತೆ.'

ಎಲ್ಲ ಅಳಿಸಿ ಓಡಿಬಂದೆ. ಅಳಿಸಿ ಏನು ಬಂತು? ಆ ಹೊತ್ತಿಗಾಗಲೇ ನನ್ನ ಹಳೆಯ ಫೋನು ಅವನ ಮೇಜಿನ ಮೇಲೆ ಎದ್ದು ಕೂತು ಊರಿನ ಹೆಸರು ಹೇಳಿಯಾಗಿತ್ತು.

ಇನ್ನೊಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೆ. ನನ್ನ ಬೆರಳು ಅಂಗಡಿಯ ಷಟರ್ ತಾನಾಗಿ ಬಿದ್ದು ಜಜ್ಜಿದ್ದಲ್ಲ. ಅವನೇ ನನ್ನ ಕೈ ಹಿಡಿದು, ಇಟ್ಟು, ಎಳೆದದ್ದು. ಎಳೆಯುವಾಗಲೂ ನಗುತ್ತಿದ್ದ. ಅವನ ಒದ್ದೆ ಕಣ್ಣು ಕಂಡು ನೀನು ಕರಗಿದ್ದು ಓದಿದಾಗಲೇ ಇದನ್ನು ಬರೆಯಬೇಕಿತ್ತು. ನಾಚಿಕೆಯಾಯಿತು.

ಊರು ದೊಡ್ಡದು. ಊರಿನ ಹೆಸರು ತಿಳಿದ ಮಾತ್ರಕ್ಕೆ ಬೀದಿ ತಿಳಿಯುವುದಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅವನು ಅಲ್ಲೇ ಇದ್ದಾನೆಯೇ, ನೋಡಿ ಬರೆ.

ವಿನಾರ್ತಿ


ಕರಂಗ್‌ಮೊಜೊ
13 ಸೆಪ್ಟೆಂಬರ್ 2023

ಅಕ್ಕ,

ನಿನ್ನ ಆಗಸ್ಟಿನ ಎರಡನೆಯ ಕಾಗದ ತಲುಪಿದೆ. ಕೋಪ ಮಾಡಿಕೊಳ್ಳಬೇಡ, ಇನ್ನು ಬಾಗಿಲು ತೆಗೆಯುವುದಿಲ್ಲ.

ಶಾಲೆಯ ಬೀರುವಿಗೆ ಗೆದ್ದಲು ಹತ್ತಿ ಹಾಜರಿ ಪುಸ್ತಕವನ್ನೇ ತಿಂದುಹಾಕಿತು. ನಿನ್ನ ಕಾಗದಗಳಿಗೆ ಏನೂ ಆಗಿಲ್ಲ. ಎರಡನ್ನೂ ಹೋದ ವಾರವೇ ಭದ್ರ ಮಾಡಿದ್ದೇನೆ, ಗೆದ್ದಲಿನ ಅಪ್ಪನಿಗೂ ಸಿಗದ ಜಾಗದಲ್ಲಿ.

ಭಾವ ನಿನ್ನೆ ಅಂಗಡಿಗೆ ಬೀಗ ಹಾಕಿದ. ಬಿಡಿಭಾಗ ತರಲು ಸುರಬಾಯಾಗೆ ಹೋಗುತ್ತಾನಂತೆ, ಎರಡು ವಾರವಾಗುತ್ತದಂತೆ. ಬಹಳ ಖುಷಿಯಲ್ಲಿದ್ದ. ಶಾಲೆಯ ಬೇಲಿಯ ಹತ್ತಿರ ನಿಂತು ಮಕ್ಕಳಿಗೆಲ್ಲ ಐಸ್ ಕೊಡಿಸಿದ. ಆಮೇಲೆ ನನ್ನನ್ನು ಕರೆದು ಒಂದು ವಿಚಿತ್ರ ಮಾತು ಕೇಳಿದ.

'ಎಂದಾ, ಬೆಳಗ್ಗೆ ತಿಂಡಿಗೆ ಹಳದಿ ಅನ್ನ ಚೆನ್ನಾಗಿರುತ್ತಂತೆ, ಹೌದಾ?'

'ನಮ್ಮೂರಲ್ಲಿ ದಿನಾ ಯಾರ್ ತಿಂತಾರೆ ಭಾವ? ಹಬ್ಬಕ್ಕೆ ಮಾಡ್ತಾರೆ.'

'ನಮ್ಮೂರಲ್ಲಿ ಅಲ್ಲ,' ಅಂದ. ನಕ್ಕ. ಹೊರಟುಹೋದ.

ಇದನ್ನು ಬರೆಯುವಾಗ ನಾನೂ ನಗುತ್ತಿದ್ದೆ ಅಕ್ಕ. ಬರೆದು ಮುಗಿಸಿ ಓದಿದೆ. ಹಳದಿ ಅನ್ನದ ವಿಷಯ ನಾನು ಯಾರಿಗೂ ಹೇಳಿಲ್ಲ. ದೇವರಾಣೆ, ಗೋಡೆಗೂ ಹೇಳಿಲ್ಲ.

ಕೂಡಲೇ ಅಂಚೆಗೆ ಹಾಕುತ್ತೇನೆ. ಸುರಬಾಯಾದಲ್ಲಿ ಅವನು ಹತ್ತುವ ಹಡಗು ಎರಡು ದಿನಕ್ಕೆ ನಿನ್ನೂರು ತಲುಪುತ್ತದೆ. ಈ ಕಾಗದ ಎಷ್ಟು ದಿನಕ್ಕೆ ತಲುಪುತ್ತದೋ.

ಎಂದಾ


ಬಾಲಿಕ್‌ಪಾಪನ್
22 ಸೆಪ್ಟೆಂಬರ್ 2023

ಎಂದಾ,

ನಿನ್ನ ಕಾಗದ ಇವತ್ತು ಬಂತು. ಒಂಬತ್ತು ದಿನ. ನೂರ್ಸಿಯಾ ಅದನ್ನು ಅನ್ನದ ಪೊಟ್ಟಣದೊಳಗಿಟ್ಟು ಕೊಟ್ಟಳು. ಓದಿ ಅವಳನ್ನು ಕೇಳಿದೆ: 'ಹೊಸಬರು ಯಾರಾದ್ರೂ ಬರ್ತಿದಾರಾ?'

'ಒಬ್ಬ ಬರ್ತಾನಲ್ಲ, ಒಂದು ವಾರದಿಂದ. ಪಾಪ, ಬಹಳ ಮರ್ಯಾದಸ್ಥ. ತಾನೇ ತಟ್ಟೆ ತೊಳೆದಿಡ್ತಾನೆ. ನಂಗೊಬ್ಬ ತಮ್ಮ ಇದ್ದಿದ್ರೆ ಹಿಂಗಿರ್ಬೇಕಿತ್ತು ಅಂದ್ಕೊಂಡೆ. ಯಾಕೆ?'

'ಏನ್ ಕೇಳ್ತಾನೆ?'

'ಏನೂ ಕೇಳಲ್ಲ ಕಣೇ. ಕೊಟ್ಟಿಗೆ ಕಡೆ ಮುಖ ಮಾಡ್ಕೊಂಡು ಕೂತ್ಕೋತಾನೆ, ತಿಂತಾನೆ, ಹೋಗ್ತಾನೆ.'

ನಾವು ಕೊಟ್ಟಿಗೆಗೆ ಹೋಗುವುದು ಹಿಂಬಾಗಿಲಿಂದ, ದೋಣಿಗಳ ಕಡೆಯಿಂದ. ಅದೊಂದೇ ನನ್ನನ್ನು ಇಷ್ಟು ದಿನ ಉಳಿಸಿದೆ. ಈಗ ಹೊರಗೇ ಹೋಗುತ್ತಿಲ್ಲ. ಏಡಿಯ ಬುಟ್ಟಿಗಳ ಹಿಂದೆ ಚಾಪೆ ಹಾಸಿಕೊಂಡಿದ್ದೇನೆ. ಈಗಷ್ಟೇ ಹಲಗೆಯ ಸಂದಿಯಿಂದ, ತಿಂದು ಎದ್ದು ಹೋಗುವ ಅವನ ಬೆನ್ನು ಕಂಡಿತು. ನಾನು ಹೊಲಿದ ಅಂಗಿ ಹಾಕಿಕೊಂಡಿದ್ದ.

ನಾನು ಒತ್ತಿದ ಖಾತೆ ಅವನಿಗೆ ಊರನ್ನು ಹೇಳಿರಬಹುದು. ನೂರ್ಸಿಯಾಳ ಅಂಗಡಿಯನ್ನು ಹೇಳಿದವರು ಯಾರು? ಅದು ಗೊತ್ತಿದ್ದದ್ದು ಒಂದು ಕಾಗದಕ್ಕೆ, ಆ ಕಾಗದ ಓದಿದವಳಿಗೆ. ಎಂದಾ, ನನ್ನ ಮುಖ ನೋಡಿ ಹೇಳುತ್ತಿದ್ದೀಯ ಎಂದುಕೊಂಡು ಬರೆ: ಸಲಾಕ್ ಬುಟ್ಟಿಯಲ್ಲಿ ಹಣ್ಣಲ್ಲದೆ ಬೇರೇನಾದರೂ ಇತ್ತೇ?

ಹೆಸರು ಬರೆಯುವುದಿಲ್ಲ


ರೆಂಬಾಂಗ್ ಅಂಚೆ ಕಚೇರಿಯಿಂದ
24 ಸೆಪ್ಟೆಂಬರ್ 2023

ಅಕ್ಕ,

ನೀನು ಮಾಡಿದ ತಪ್ಪಿನ ಕಾಗದ ಬಂತು. ಬೆರಳಿನ ಮಾತು ಓದಿದೆ. ಆ ಸಲಾಕ್ ಹಣ್ಣನ್ನು ನಾನು ತಿಂದಿದ್ದೆ. ಅದರ ಬಗ್ಗೆ ಈಗ ಬರೆಯಲಾರೆ.

ನಿನ್ನದಕ್ಕಿಂತ ನನ್ನ ತಪ್ಪು ದೊಡ್ಡದು. ಗೆದ್ದಲಿಗೆ ಹೆದರಿ ನಿನ್ನ ಎರಡೂ ಕಾಗದಗಳ ಫೋಟೋ ತೆಗೆದು ಫೋನಿನಲ್ಲಿಟ್ಟಿದ್ದೆ. ಅದೇ ನಾನು ಕೊಚ್ಚಿಕೊಂಡ ಭದ್ರವಾದ ಜಾಗ. ನಿನ್ನ ಕಾಗದ ಓದಿದ ಮೇಲೆ ಒಂದು ಸಂಶಯ ಕುಟುಕಿತು. ನಮ್ಮೂರಿನವರು ಬೇಡವೆಂದು ಬಸ್ಸು ಹತ್ತಿ ಇಲ್ಲಿಗೆ ಬಂದು, ಫೋನ್ ರಿಪೇರಿ ಮಾಡುವ ಒಬ್ಬ ಹೆಂಗಸಿಗೆ ತೋರಿಸಿದೆ.

'ಈ ಖಾತೆ ತೆರೆದೋರು ಯಾರು ಟೀಚರಮ್ಮ?' ಎಂದಳು.

'ಕೊಂಡ ಅಂಗಡಿಯವರು, ನಮ್ಮ ಭಾವ. ಅವರೇ ಅಲ್ವಾ ತೆರೆಯೋದು?'

ಅವಳು ಹಣೆ ಚಚ್ಚಿಕೊಂಡಳು. 'ಎಲ್ಲಾ ಊರಲ್ಲೂ ಇದೇ ಕಥೆ. ಮನೆ ಕಟ್ಟಿಸಿ ಬೀಗದ ಕೈನ ಗಾರೆಯವನ ಹತ್ರಾನೇ ಬಿಟ್ಟು ಬರೋದು. ನೋಡಿ, ನಿಮ್ಮ ಖಾತೆ ಎರಡು ಕಡೆ ತೆರೆದಿದೆ. ಒಂದು ನಿಮ್ಮ ಕೈಲಿ. ಇನ್ನೊಂದು ಬಾಲಿಕ್‌ಪಾಪನ್‌ನಲ್ಲಿ. ನೀವು ತೆಗೆದ ಫೋಟೋ ಎಲ್ಲ ಅಲ್ಲೂ ಕಾಣುತ್ತೆ. ಇವತ್ತು ಬೆಳಗ್ಗೆ ಒಂಬತ್ತಕ್ಕೆ ನೋಡಿದಾರೆ. ಅದನ್ನ ಮುಚ್ಚಿಬಿಡ್ಲಾ?'

ನನ್ನ ಫೋನ್ ನನ್ನದು ಎಂದಿದ್ದೆನಲ್ಲ! ನಿನ್ನದು ಸೇಬು, ನನ್ನದು ಹುಲ್ಲು, ಎರಡನ್ನೂ ಬಿತ್ತಿದವನು ಅವನೇ.

ಮುಚ್ಚು ಎನ್ನಲು ಬಾಯಿ ತೆರೆದೆ. ಆಮೇಲೆ 'ಬೇಡ' ಎಂದೆ.

ಕಿಂಡಿ ಇರುವುದು ಅವನಿಗೆ ಮಾತ್ರ ಗೊತ್ತು ಎಂದು ಅವನು ತಿಳಿದಿದ್ದಾನೆ. ಹಾಗಾದರೆ ಆ ಕಿಂಡಿಯಲ್ಲಿ ನಮಗೆ ಬೇಕಾದದ್ದನ್ನೇ ಇಡೋಣ. ಶಾಲೆಯಲ್ಲಿ ನಿನ್ನ ಅಕ್ಷರ ನಕಲು ಮಾಡಿ ರಜೆ ಚೀಟಿ ಬರೆಯುತ್ತಿದ್ದವಳು ನಾನು. ಇವತ್ತೇ ನಿನ್ನ ಕೈಬರಹದಲ್ಲಿ, ಹಿಂದಿನ ತಾರೀಖು ಹಾಕಿ, ಒಂದು ಕಾಗದ ಬರೆದು ಫೋಟೋ ತೆಗೆಯುತ್ತೇನೆ. ಅದರಲ್ಲಿ ನೀನು ಮಕಾಸ್ಸರ್‌ಗೆ ಹೊರಟಿದ್ದೀಯ ಎಂದಿರುತ್ತದೆ. ನೀನು ಎಲ್ಲಿಗೆ ಹೋದರೂ ಮಕಾಸ್ಸರ್‌ಗೆ ಮಾತ್ರ ಹೋಗಬೇಡ. ಅವನ ಹಡಗು ಬಿಟ್ಟ ಕೂಡಲೇ ಆ ಊರು ಬಿಡು.

ಎಂದಾ


ಬಾಲಿಕ್‌ಪಾಪನ್
15 ಸೆಪ್ಟೆಂಬರ್ 2023

ತಂಗಿ ಎಂದಾ,

ಚೆನ್ನಾಗಿದ್ದೇನೆ. ಏಡಿಯ ವಾಸನೆಗೆ ತಲೆನೋವು ಬಂದು ಆ ಕೆಲಸ ಬಿಟ್ಟೆ. ಇಪ್ಪತ್ತೆಂಟನೇ ತಾರೀಖು ಗುರುವಾರದ ಹಡಗಿಗೆ ಮಕಾಸ್ಸರ್‌ಗೆ ಹೋಗುತ್ತೇನೆ. ಅಲ್ಲಿ ಮೀನು ಪೇಟೆಯ ಹಿಂದೆ ನೂರ್ಸಿಯಾಳ ನೆಂಟರ ಮನೆಯಿದೆ, ನಾನು ಅಲ್ಲೇ ಇರುತ್ತೇನೆ. ಆ ಊರಿನಲ್ಲಿ ಹಳೆಯ ಐಫೋನು ಅಗ್ಗವಂತೆ. ಹೋದ ಕೂಡಲೇ ಒಂದು ಕೊಳ್ಳುತ್ತೇನೆ. ನನ್ನ ಇಷ್ಟ ನಿನಗೆ ಗೊತ್ತಲ್ಲ.

ನಿನ್ನ ಅಕ್ಕ
ವಿನಾರ್ತಿ


ಬಾಲಿಕ್‌ಪಾಪನ್
30 ಸೆಪ್ಟೆಂಬರ್ 2023

ಎಂದಾ,

ಅವನು ಹೋದ. ಹೋದದ್ದಕ್ಕೇ ನನಗೆ ಹೆದರಿಕೆಯಾಗಿದೆ.

ಬುಧವಾರ ನೂರ್ಸಿಯಾಳಿಂದ ಎರಡು ಪೊಟ್ಟಣ ಅನ್ನ ಕಟ್ಟಿಸಿಕೊಂಡನಂತೆ. 'ಮಕಾಸ್ಸರ್ ಹಡಗು ಎಷ್ಟೊತ್ತಿಗೆ, ಅಕ್ಕಾ?' ಎಂದು ಕೇಳಿದನಂತೆ. ಎರಡು ಪೊಟ್ಟಣ ಯಾಕೆ? ಮಕಾಸ್ಸರ್ ಯಾಕೆ? ಅಲ್ಲಿ ನನಗೆ ಯಾರೂ ಇಲ್ಲ. ನಾನು ಹೊರಗೆ ಬರಲಿ ಎಂದು ಹೂಡಿದ ಆಟವಿರಬೇಕು. ಹಡಗಿನ ಹೆಸರು ಹೇಳಿ ಮೂಲೆಯಲ್ಲಿ ಕಾಯುತ್ತಿದ್ದಾನೆ.

ಅವನು ಹೋಗಿ ಮೂರು ದಿನವಾದರೂ ಬುಟ್ಟಿಗಳ ಹಿಂದೆಯೇ ಇದ್ದೇನೆ. 'ಆಚೆ ಬಾರೇ, ನೀನೂ ಏಡಿ ಆಗೋದೆ' ಎಂದು ಹೆಂಗಸರು ಕರೆಯುತ್ತಾರೆ. ನನ್ನ ಪ್ರಶ್ನೆಗೆ ನಿನ್ನ ಉತ್ತರ ಬಂದಿಲ್ಲ. ನೀನೇ ಅವನಿಗೆ ಹೇಳಿದ್ದರೂ ಪರವಾಗಿಲ್ಲ, ಹೇಳಿದೆ ಎಂದು ಬರೆ. ಬಾಗಿಲ ಆಚೆ ಏನಿದೆ ಎಂದು ತಿಳಿದರೆ ಸಾಕು.


ಕರಂಗ್‌ಮೊಜೊ
6 ಅಕ್ಟೋಬರ್ 2023

ಅಕ್ಕ,

ನಿನ್ನ ಪ್ರಶ್ನೆಯ ಕಾಗದ ಬಂದು ನಾಲ್ಕು ದಿನವಾಯಿತು. ಅದನ್ನು ಕೇಳಲು ನಿನಗೆ ಹಕ್ಕಿತ್ತು. ರೆಂಬಾಂಗ್‌ನಿಂದ ಬರೆದ ಕಾಗದವೇ ನನ್ನ ಉತ್ತರ, ಅದು ಈಗಾಗಲೇ ನಿನ್ನ ಕೈ ಸೇರಿರಬೇಕು.

ಫೋನಿನಲ್ಲಿ ದಿನಾ ನೋಡುತ್ತಿದ್ದೆ. ಮೊನ್ನೆಯವರೆಗೆ ಎರಡನೆಯ ಫೋನ್ ಮಕಾಸ್ಸರ್‌ನಲ್ಲಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಅದರ ಹೆಸರೇ ಇಲ್ಲ. ನನ್ನದೊಂದೇ ಉಳಿದಿದೆ. ತಾನೇ ಮುಚ್ಚಿಕೊಂಡು ಹೊರಟಿದ್ದಾನೆ. ಅಂದರೆ ಮಕಾಸ್ಸರ್ ಕಾಗದ ಸುಳ್ಳೆಂದು ಅವನಿಗೆ ತಿಳಿಯಿತು, ಬರೆದವಳು ಯಾರೆಂದೂ ತಿಳಿಯಿತು.

ಈಗ ಅವನು ಎಲ್ಲೂ ಇಲ್ಲ ಅಕ್ಕ. ಎಲ್ಲೂ ಇಲ್ಲ ಎಂದರೆ ಎಲ್ಲಿ ಬೇಕಾದರೂ ಇರಬಹುದು. ಮಕ್ಕಳನ್ನು ಬೇರೆ ಟೀಚರಿಗೆ ಒಪ್ಪಿಸಿ, ಮಧ್ಯಾಹ್ನದ ಬಸ್ಸಿಗೆ ಚಿಕ್ಕಮ್ಮನ ಊರಿಗೆ ಹೋಗುತ್ತಿದ್ದೇನೆ. ಫೋನನ್ನು ಒಯ್ಯುತ್ತಿಲ್ಲ. ಬರೆಯುವುದಿದ್ದರೆ ಅಲ್ಲಿಗೇ ಬರೆ.

ಹೊರಗೆ ಬೈಕಿನ ಸದ್ದು. ಅವನದಲ್ಲ. ಪ್ರತಿ ಬೈಕಿಗೂ ಹೀಗೇ ಬರೆಯುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೇನೆ.

ಎಂದಾ


21 ಅಕ್ಟೋಬರ್ 2023

ಎಂದಾ,

ಊರ ಹೆಸರು ಬರೆಯುವುದಿಲ್ಲ. ನದಿ ಹತ್ತಿರವಿದೆ, ಸಮುದ್ರ ದೂರವಿದೆ ಎಂದಷ್ಟು ತಿಳಿದುಕೊ.

ನಿನ್ನ ಮೇಲೆ ಸಂಶಯಪಟ್ಟೆ. ಮುಂದೊಂದು ದಿನ ಎದುರಿಗೆ ಕೂತಾಗ ಬೈದುಬಿಡು, ಕಾಗದದಲ್ಲಿ ಬೇಡ.

ನಿನ್ನ ಕೊನೆಯ ಕಾಗದದ ಜೊತೆ ನೂರ್ಸಿಯಾ ಸುದ್ದಿ ಕಳಿಸಿದ್ದಾಳೆ: ಹತ್ತನೇ ತಾರೀಖು ಅವನು ಬಾಲಿಕ್‌ಪಾಪನ್‌ಗೆ ಮರಳಿ ಬಂದನಂತೆ. ಈ ಸಲ ಅನ್ನ ಕೇಳಲಿಲ್ಲವಂತೆ. ನೆಟ್ಟಗೆ ಕೊಟ್ಟಿಗೆಯೊಳಗೆ ನುಗ್ಗಿ 'ಎಡಗೈ ತೋರಿಸಿ' ಎಂದನಂತೆ. ಮಡಚದ ಬೆರಳು ಹುಡುಕುತ್ತಿದ್ದ. ಮೂವತ್ತೊಂಬತ್ತು ಹೆಂಗಸರೂ ಎಡಗೈ ಚಾಚಿದರಂತೆ, ಬಲಗೈಯಲ್ಲಿ ಏಡಿ ಚಾಕು ಹಿಡಿದುಕೊಂಡೇ. ಅವನು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದನಂತೆ. ಆ ಹೊತ್ತಿಗೆ ನಾನು ನಿನ್ನ ರೆಂಬಾಂಗ್ ಕಾಗದ ಓದಿ ಅಲ್ಲಿಂದ ಹೊರಟು ಏಳು ದಿನವಾಗಿತ್ತು. ಆಮೇಲೆ ಅವನನ್ನು ಕಂಡವರಿಲ್ಲ. ನೀನು ಚಿಕ್ಕಮ್ಮನನ್ನು ಬಿಟ್ಟು ಒಬ್ಬಳೇ ಎಲ್ಲೂ ಹೋಗಬೇಡ.

ನಿನ್ನೆ ಇಲ್ಲಿಯ ಪೇಟೆಗೆ ಹೋಗಿ ಫೋನ್ ಕೊಂಡೆ. ಬಾಗಿಲು ಕಾಣುವ ಕಡೆ ಕೂತೆ. ಅಂಗಡಿಯಾತ ಎರಡು ಥರದ್ದನ್ನೂ ಮುಂದಿಟ್ಟ.

'ಯಾವ್ದು ಇಷ್ಟ, ಅಕ್ಕಾ?'

ಸುಮ್ಮನೆ ಕೇಳಿದ ಮಾತು. ಆದರೆ ನನ್ನ ಇಷ್ಟವೆನ್ನುವುದು ನನಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. ಅದನ್ನೇ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟಿದ್ದ. ಒಂದನ್ನು ಹಿಡಿದು ನೋಡಿದೆ, ಇನ್ನೊಂದನ್ನು ಹಿಡಿದು ನೋಡಿದೆ. ಯಾರೂ ನಿಮಿಷ ಎಣಿಸಲಿಲ್ಲ. ಕೊನೆಗೆ ಒಂದನ್ನು ತೋರಿಸಿದೆ.

'ಕೊಡಿ, ಖಾತೆ ತೆರೆದುಕೊಡ್ತೀನಿ. ಎಲ್ಲರಿಗೂ ನಾನೇ ಮಾಡಿಕೊಡೋದು.'

'ನಾನೇ ತೆರೀತೀನಿ.'

'ನಿಮಗೆ ಬರಲ್ಲ ಅಕ್ಕಾ, ಮಧ್ಯಾಹ್ನ ಆಗೋಗುತ್ತೆ!'

'ಆಗಲಿ. ನೀನು ಆ ಕಡೆ ತಿರುಗು.'

ಪಾಪ, ತಿರುಗಿ ಕೂತ. ನಿಜಕ್ಕೂ ಮಧ್ಯಾಹ್ನವಾಯಿತು. ಎರಡು ಸಲ ತಪ್ಪಿ ಮೊದಲಿಂದ ಶುರುಮಾಡಿದೆ. ಹಳೆಯ ಖಾತೆಯಿದೆಯೇ, ಅದರಲ್ಲಿರುವುದನ್ನೆಲ್ಲ ತರಲೇ ಎಂದು ಅದು ಕೇಳಿತು. ಅವ್ವನ ದನಿ ಅಲ್ಲಿದೆ. ಬೆರಳು ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು. ಬೇಡ ಎಂದು ಒತ್ತಿದೆ. ಹೊಸ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಅದರಲ್ಲಿ ಯಾರ ಹೆಸರೂ ಇಲ್ಲ, ಯಾವ ತಾರೀಖೂ ಇಲ್ಲ.

ಯಾವ ಫೋನ್ ಕೊಂಡೆ ಎಂದು ನಿನಗೂ ಬರೆಯುವುದಿಲ್ಲ. ಸಂಶಯದಿಂದಲ್ಲ, ಎಂದಾ. ಅವನು ಈಗಲೂ ಯಾವುದೋ ಊರಿನ ಫೋನ್ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಾನೆ, ನನಗೆ ಇಷ್ಟವಾದದ್ದು ಯಾವುದೆಂದು ತನಗೆ ಗೊತ್ತು ಎನ್ನುವ ಧೈರ್ಯದಲ್ಲಿ.

ಕೂತಿರಲಿ.

ಅಕ್ಕ